ಮನೆಯ ಜಾತಕ, ಕಾಲಿಲ್ಲದ ಜೋಯಿಸ

ಅಮೆರಿಕದ ಉಪನಗರಗಳಲ್ಲಿ ಮನೆಗಳಿಗೂ ಜಾತಕವಿದೆ. ಜಾಲತಾಣದಲ್ಲಿ ವಿಳಾಸ ಒತ್ತಿದರೆ ಸಾಕು. ಮನೆ ಯಾವ ವರ್ಷ ಎಷ್ಟಕ್ಕೆ ಕೈಬದಲಾಯಿತು, ಇವತ್ತು ಎಷ್ಟು ಬಾಳುತ್ತದೆ, ಸುತ್ತಲಿನ ಮನೆಗಳಿಗಿಂತ ಮೇಲೋ ಕೆಳಗೋ, ಎಲ್ಲ ಗೆರೆಗೆರೆಯಾಗಿ ಮೂಡುತ್ತದೆ. ಇವತ್ತಿನ ಬೆಲೆಯಂತೂ 4,87,312 ಡಾಲರ್ ಎಂಬ ಧಾಟಿಯಲ್ಲಿರುತ್ತದೆ. ಆ ಕೊನೆಯ 12 ಡಾಲರ್ ಬಚ್ಚಲ ನಲ್ಲಿಯದೋ ಹಿತ್ತಲ ಬೇಲಿಯದೋ ಎಂದು ಕೇಳಬಾರದು. ಲೆಕ್ಕ ಹಾಕಿದ ಜೋಯಿಸ ಮನೆಯೊಳಗೆ ಕಾಲಿಟ್ಟಿಲ್ಲ, ಅವನಿಗೆ ಕಾಲೇ ಇಲ್ಲ.

ಈ ಕಂಪ್ಯೂಟರ್ ಜೋಯಿಸರಲ್ಲಿ ಹೆಸರುವಾಸಿ 2006ರಲ್ಲಿ ಶುರುವಾದ ಝಿಲೋ ಎಂಬ ಜಾಲತಾಣ. ಅದು ಹೇಳುವ ಬೆಲೆಗೆ 'ಝೆಸ್ಟಿಮೇಟ್' ಎಂದು ನಾಮಕರಣವಾಗಿದೆ. ತೆರಿಗೆ ದಾಖಲೆ, ಚದರಡಿ, ಕೋಣೆಗಳ ಸಂಖ್ಯೆ, ಆಸುಪಾಸಿನಲ್ಲಿ ಈಚೆಗೆ ಮಾರಾಟವಾದ ಮನೆಗಳು, ಎಲ್ಲವನ್ನೂ ಕಲಸಿ ಬೆಲೆ ಹಿಂಡುತ್ತದೆ. ಆಸುಪಾಸಿನ ಆ ಮನೆಗಳಿಗೆ ದಲ್ಲಾಳಿಗಳ ಬಾಯಲ್ಲಿ 'ಕಾಂಪ್ಸ್'. ಈ ಮನೆ ಎಷ್ಟಕ್ಕೆ ಎಂದರೆ ಪಕ್ಕದ್ದರಷ್ಟು. ಪಕ್ಕದ್ದು ಎಷ್ಟಕ್ಕೆ ಎಂದರೆ ಇದರಷ್ಟು. ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಂತು ಇಬ್ಬರೂ ಎತ್ತರವಾದೆವು ಅಂದುಕೊಳ್ಳುವುದಕ್ಕೆ 'ಸ್ಥಳೀಯ ಮಾರುಕಟ್ಟೆ' ಎನ್ನುತ್ತಾರೆ.

2016ರ ಫೆಬ್ರವರಿ 29ರಂದು ಝಿಲೋದ ಅಂದಿನ ಸಿಇಒ ಸ್ಪೆನ್ಸರ್ ರಾಸ್ಕಾಫ್ ಸಿಯಾಟಲ್‌ನ ತಮ್ಮ ಮನೆಯನ್ನು 10.5 ಲಕ್ಷ ಡಾಲರಿಗೆ ಮಾರಿದರು. ಮರುದಿನ ಅವರದೇ ಕಂಪನಿಯ ಪುಟ ಅದೇ ಮನೆಗೆ 17.5 ಲಕ್ಷ ಅನ್ನುತ್ತಿತ್ತು. ಜೋಯಿಸರೇ ಇಟ್ಟುಕೊಟ್ಟ ಮುಹೂರ್ತದಲ್ಲಿ ಅವರ ಮಗಳ ಮದುವೆಯ ಚಪ್ಪರವೇ ಹಾರಿಹೋಯಿತು.

ಮನೆಯನ್ನು ಮಾರಾಟಕ್ಕೆ ಇಟ್ಟ ಮೇಲೆ ಭವಿಷ್ಯ ಬಹಳ ಚೆನ್ನಾಗಿ ಫಲಿಸುತ್ತದೆ, ಅದನ್ನು ಒಪ್ಪಬೇಕು. ಏಕೆಂದರೆ ಆಗ ಒಡೆಯ ಹೇಳಿದ ಬೆಲೆಯನ್ನೂ ಯಂತ್ರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ತೊಟ್ಟಿಲಲ್ಲಿ ಮಲಗಿದ ಮಗುವನ್ನು ನೋಡಿ ಗಂಡೋ ಹೆಣ್ಣೋ ಹೇಳುವ ವಿದ್ಯೆ ನಮ್ಮ ಅಜ್ಜಿಯರಿಗೂ ಬರುತ್ತಿತ್ತು, ಪಾಪ, ಷೇರು ಬಿಡಲಿಲ್ಲ.

ಜೋಯಿಸರು ತಮ್ಮ ಮಾತನ್ನು ತಾವೇ ನಂಬಿದ್ದು ಇನ್ನೂ ದೊಡ್ಡ ತಮಾಷೆ. 2018ರಲ್ಲಿ ಝಿಲೋ ತಾನೇ ಮನೆ ಕೊಂಡು ಮಾರುವ ವ್ಯಾಪಾರಕ್ಕೆ ಇಳಿಯಿತು. 2021ರ ನವೆಂಬರಿನಲ್ಲಿ ಆ ಅಂಗಡಿಯನ್ನು ಮುಚ್ಚುವುದಾಗಿ ಸಾರಿತು. ದೇಶದ ತುಂಬ ಮನೆ ಬೆಲೆ ಗಗನಕ್ಕೇರುತ್ತಿದ್ದ ವರ್ಷದಲ್ಲೇ, ಕೊಂಡಿಟ್ಟ ಮನೆಗಳ ಮೌಲ್ಯದಲ್ಲಿ ಒಂದೇ ತ್ರೈಮಾಸಿಕಕ್ಕೆ 30 ಕೋಟಿ ಡಾಲರಿಗೂ ಮಿಕ್ಕಿ ಕಡಿತ ಬರೆದುಕೊಂಡಿತು. ನೌಕರರಲ್ಲಿ ಸುಮಾರು ನಾಲ್ಕರಲ್ಲೊಬ್ಬರನ್ನು ಮನೆಗೆ ಕಳಿಸುವುದಾಗಿ ಹೇಳಿತು. ಆ ಮನೆಯ ಬೆಲೆ ಎಷ್ಟೆಂದು ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

ಯಂತ್ರವನ್ನೇ ಆಡಿಕೊಂಡರೆ ಒಡೆಯನಿಗೆ ಅನ್ಯಾಯವಾದೀತು. ಆಸ್ತಿ ತೆರಿಗೆಯ ಕಾಗದ ಬಂದ ದಿನ ಅವನ ಮನೆಯಷ್ಟು ದರಿದ್ರ ಮನೆ ಇಡೀ ಬೀದಿಯಲ್ಲಿ ಇನ್ನೊಂದಿಲ್ಲ. ಸೂರು ಸೋರುತ್ತದೆ, ತಳಪಾಯ ಬಿರುಕು ಬಿಟ್ಟಿದೆ, ಹಿಂದಿನ ಹೆದ್ದಾರಿಯ ಸದ್ದಿಗೆ ನಿದ್ದೆಯಿಲ್ಲ ಎಂದು ಮೇಲ್ಮನವಿ ಬರೆಯುತ್ತಾನೆ. ಮಾರುವ ದಿನ ಅದೇ ಹೆದ್ದಾರಿ 'ಪೇಟೆಗೆ ಹತ್ತೇ ನಿಮಿಷ' ಆಗುತ್ತದೆ. ಕಾಂಪ್ಸ್ ಪಟ್ಟಿಯೂ ಒಂದೇ: ತೆರಿಗೆಯವರಿಗೆ ತಳದ ಮೂರು ಮನೆ, ಗಿರಾಕಿಗೆ ಮೇಲಿನ ಮೂರು.

ಇತಿಹಾಸದ ಗೆರೆಯನ್ನೂ ನೋಡಿ. 1996ರಲ್ಲಿ 1.5 ಲಕ್ಷಕ್ಕೆ ಕೊಂಡ ಮನೆ 2024ರಲ್ಲಿ 3 ಲಕ್ಷಕ್ಕೆ ಹೋಯಿತು ಅನ್ನೋಣ. ದುಪ್ಪಟ್ಟು! ಅಷ್ಟೂ ವರ್ಷಗಳಲ್ಲಿ ದಿನಬಳಕೆಯ ಸರಕಿನ ಬೆಲೆಯೇರಿಕೆ ಅಳೆಯುವ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕವೂ ಹೆಚ್ಚುಕಡಿಮೆ ದುಪ್ಪಟ್ಟೇ ಆಗಿದೆ. ಅಂದರೆ ಮನೆ 28 ವರ್ಷ ಬೆವರು ಸುರಿಸಿ ಓಡಿ, ನಿಂತಲ್ಲೇ ನಿಂತಿದೆ. ಸಾಲದ ಬಡ್ಡಿ, ಎರಡು ಸಲ ಬಳಿಸಿದ ಬಣ್ಣ, ಹೊಸ ಬಾಯ್ಲರ್, ಇವು ಯಾವುವೂ ಜಾತಕದಲ್ಲಿ ಬರುವುದಿಲ್ಲ. ಒಡೆಯನಿಗೆ ಅದರ ಚಿಂತೆಯಿಲ್ಲ. ತನ್ನ ಗೆರೆ 'ಸ್ಥಳೀಯ ಮಾರುಕಟ್ಟೆ'ಯ ಗೆರೆಗಿಂತ ಕೂದಲೆಳೆ ಕೆಳಗಿದೆ ಎಂಬುದೇ ಅವನ ಕೊರಗು. ಪಕ್ಕದ ಮನೆಯವನ ಗೆರೆ ಮೇಲಿದೆಯಲ್ಲ!

ರಾತ್ರಿ ಮಳೆ. ಒಡೆಯ ಹಾಸಿಗೆಯಲ್ಲಿ ಕೂತು ಪುಟ ತೆರೆದ. ನಿನ್ನೆಗಿಂತ 900 ಡಾಲರ್ ಏರಿಕೆ. ಮುಖ ಅರಳಿತು. ಅಷ್ಟರಲ್ಲಿ ಹಜಾರದ ಸೂರಿನ ಕೆಳಗಿಟ್ಟ ಬಕೆಟ್ಟು ತುಂಬಿತು. ಎದ್ದು ಚೆಲ್ಲಿ ಬಂದು, ಇನ್ನಷ್ಟು ಏರಿರಬಹುದೆಂದು ಮತ್ತೆ ನೋಡಿದ.