ಓ ಅನ್ನುವವರೇ ಇಲ್ಲ

ಲಾಸ್ ಏಂಜಲೀಸ್‌ನಲ್ಲಿ ಕೋಡ್ ಬರೆದುಕೊಂಡು ಸುಮ್ನೆ ಇದ್ದವನಿಗೆ ಸಿನಿಮಾ ಹುಚ್ಚು ಹಿಡಿಯಿತು. ಹನ್ನೆರಡು ನಿಮಿಷದ ಕಿರುಚಿತ್ರ. ಹೀರೋ, ಮೌಂಟ್ ಲೀ ಬೆಟ್ಟದ ಮೇಲಿನ ಹಾಲಿವುಡ್ (HOLLYWOOD) ಬೋರ್ಡಿನ ಮೂರನೇ ಓ ಅಕ್ಷರ.

ಕತೆ ನಾನು ಕಟ್ಟಿದ್ದಲ್ಲ. 1923ರಲ್ಲಿ ಆ ಬೋರ್ಡು ನಿಲ್ಲಿಸಿದವರು ಸಿನಿಮಾದವರಲ್ಲ, ಸೈಟು ಮಾರುವವರು! ಆಗ ಅದರಲ್ಲಿ ‘ಹಾಲಿವುಡ್‌ಲ್ಯಾಂಡ್’ ಅಂತಿತ್ತು, ಮೈತುಂಬಾ ಬಲ್ಬು ಬೇರೆ. 1949ರಲ್ಲಿ ಲ್ಯಾಂಡ್ ಹೋಯಿತು. ಎಪ್ಪತ್ತರ ದಶಕದಲ್ಲಿ ನಮ್ಮ ಹೀರೋ ಕುಸಿದು ಬಿದ್ದ. 1978ರಲ್ಲಿ ಒಂಬತ್ತು ಅಕ್ಷರಕ್ಕೂ ದಾನಿಗಳು ಸಿಕ್ಕರು, ಅಕ್ಷರಕ್ಕೆ ಸುಮಾರು 27,700 ಡಾಲರ್. ರಾಕ್ ಗಾಯಕ ಆಲಿಸ್ ಕೂಪರ್, ಹಾಸ್ಯನಟ ಗ್ರೌಚೊ ಮಾರ್ಕ್ಸ್ ನೆನಪಿಗೆ ಒಂದು ಓ ಕೊಡಿಸಿದರು.

ಒಂದೇ ಅಕ್ಷರಕ್ಕೆ ಅಷ್ಟು ದುಡ್ಡು ಹುಟ್ಟಿದ ಊರಲ್ಲಿ ಇಡೀ ಸಿನಿಮಾಕ್ಕೆ 9,000 ಹುಟ್ಟುವುದಿಲ್ವಾ?

ಯುಗಾದಿ ಊಟದಲ್ಲಿ ಒಬ್ಬ ಹಿರಿಯರನ್ನು ಹಿಡಿದೆ. ಮೂರು ಮನೆ ಇರುವವರು.

“ಹೀರೋ ಯಾರಪ್ಪಾ?” ಅಂದರು.

“ಓ.”

“ನಾನೆಲ್ಲಿ ನಿನ್ನ ಕರೆದೆ? ಹೀರೋ ಯಾರು ಅಂದೆ.”

“ಓ, ಅಂಕಲ್.”

ಅವರು ನನ್ನ ಮುಖ ಒಮ್ಮೆ ನೋಡಿ, ಹೋಳಿಗೆ ಇದ್ದ ಕಡೆ ಹೊರಟುಹೋದರು.

ಆನ್‌ಲೈನ್ ತಾಣವೊಂದರಲ್ಲಿ ಚಂದಾ ಎತ್ತಲು ಕೂತೆ. ಅಲ್ಲಿನ ನಿಯಮ ಖಡಕ್ಕು: ಮೂವತ್ತು ದಿನದಲ್ಲಿ ಕೇಳಿದಷ್ಟೂ ಕೂಡಬೇಕು, ಇಲ್ಲದಿದ್ದರೆ ಒಂದು ಕಾಸೂ ಕೈಗೆ ಬರುವುದಿಲ್ಲ. ನಾನೋ, ದುಡ್ಡು ಬಂದೇ ಬರುತ್ತದೆ ಅಂತ ಮೊದಲೇ ಆರಡಿ ಎತ್ತರದ ಥರ್ಮಾಕೋಲ್ ಓ ಮಾಡಿ ಗ್ಯಾರೇಜಿನಲ್ಲಿ ನಿಲ್ಲಿಸಿದ್ದೆ. ಕಾರು ಬೀದಿಗೆ ಬಂತು. ಈ ಊರಲ್ಲಿ ಬೀದಿ ಗುಡಿಸುವ ದಿನ ಕಾರು ತೆಗೆಯದಿದ್ದರೆ ಆಗ 73 ಡಾಲರ್ ದಂಡ ಬೀಳುತ್ತಿತ್ತು. ಮೂರು ಸಲ ಮರೆತೆ.

ಮೂವತ್ತನೇ ದಿನ ಹೆಂಡತಿ ಲೆಕ್ಕ ಹಾಕಿದಳು. “ರೀ, ನಿಮ್ಮ ಸಿನಿಮಾಕ್ಕೆ ಬಂದಿದ್ದು 210. ಅದರಲ್ಲಿ 150 ನಮ್ಮಣ್ಣಂದು. ದಂಡ ಕಟ್ಟಿದ್ದು 219.”

ಆ 210 ಕೂಡ ಕೊಟ್ಟವರಿಗೇ ವಾಪಸ್ ಹೋಯಿತು. ದಂಡ ಮಾತ್ರ ವಾಪಸ್ ಬರಲಿಲ್ಲ ನೋಡಿ.

ಮುಂದಿನ ಶನಿವಾರ ಹಳೇ ಸಾಮಾನಿನ ಜೊತೆ ಓ ಅನ್ನೂ ಮನೆ ಮುಂದೆ ಮಾರಾಟಕ್ಕಿಟ್ಟೆವು. ಒಬ್ಬ ಹೆಂಗಸು ಕಾರು ನಿಲ್ಲಿಸಿ, ಚೌಕಾಸಿ ಮಾಡದೆ ಐದು ಡಾಲರ್ ಕೊಟ್ಟಳು. ನನಗೆ ಜೀವ ಬಂದಂತಾಯಿತು.

“ನೀವು ಸಿನಿಮಾದವರಾ?” ಅಂದೆ.

“ಅಯ್ಯೋ ಇಲ್ಲ. ನಾಳೆ ಅಮ್ಮನಿಗೆ ಎಪ್ಪತ್ತು ತುಂಬುತ್ತೆ. ಏಳು ಮನೆಯಲ್ಲಿದೆ, ಸೊನ್ನೆ ಎಲ್ಲೂ ಸಿಕ್ಕಿರಲಿಲ್ಲ.”