ಹಸಿ ಹಲಗೆಯ ಮೇಜು

ಮೂರು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಜರ್ಮನಿಯ ಡ್ರೆಸ್ಡೆನ್‌ಗೆ ಹಲಸಿನ ಮರದ ಪುಟ್ಟ ಮೇಜೊಂದನ್ನು ಹೊತ್ತು ತಂದೆ. ವಿಮಾನಕ್ಕೆ ತೆತ್ತ ಹಣದಲ್ಲಿ ಇಲ್ಲಿ ಎರಡು ಮೇಜು ಬರುತ್ತಿದ್ದವು, ಇರಲಿ. ಮೊದಲ ಚಳಿಗಾಲದಲ್ಲೇ ಒಂದು ರಾತ್ರಿ ಕೋವಿ ಹಾರಿಸಿದಂಥ ಸದ್ದು. ಬೆಳಿಗ್ಗೆ ನೋಡಿದರೆ ಮೇಲಿನ ಹಲಗೆ ಉದ್ದಕ್ಕೂ ಸೀಳಿತ್ತು, ನಾಣ್ಯ ತೂರುವಷ್ಟು.

ಇಲ್ಲಿನ ಬಡಗಿ ಅದನ್ನು ಮಗುಚಿ, ಅಡಿಯಲ್ಲಿ ಅಡ್ಡಕ್ಕೆ ಮೊಳೆ ಹೊಡೆದು ಕೂರಿಸಿದ್ದ ಎರಡು ಪಟ್ಟಿಗಳನ್ನು ತೋರಿಸಿದ. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಕುಗ್ಗುವುದೆಲ್ಲ ಅಗಲಕ್ಕೆ. ಹೀಟರ್ ಉರಿಯುವ ಕೋಣೆಯ ಒಣಗಾಳಿಗೆ ಹಲಗೆ ಕುಗ್ಗಲು ಹೊರಟಿದೆ, ಪಟ್ಟಿ ಬಿಟ್ಟಿಲ್ಲ. ಅವನಾಗಿದ್ದರೆ ತಿರುಪಿನ ತೂತನ್ನು ಉದ್ದುದ್ದ ಕೊರೆದು, ಹಲಗೆ ಸರಿದಾಡಲು ಜಾಗ ಬಿಡುತ್ತಿದ್ದನಂತೆ.

ರಜೆಗೆ ಊರಿಗೆ ಹೋದಾಗ ಆಚಾರಿಗಳಿಗೆ ಇದನ್ನು ತುಸು ಜಂಬದಿಂದಲೇ ಹೇಳಿದೆ. ಅವರು ಕೀಸುಳಿ ಕೆಳಗಿಡಲಿಲ್ಲ. "ತಮ್ಮಾ, ನಿನಗೆ ಎಂಟು ದಿನದಲ್ಲಿ ಬೇಕಾಗಿತ್ತು. ಸಾಮಿಲ್‌ನಿಂದ ತಂದ ಹಸಿ ಹಲಗೆಯಲ್ಲೇ ಮಾಡಿದೆ. ನಿನ್ನ ಅಜ್ಜಯ್ಯನಾಗಿದ್ದರೆ ಹಲಗೆಯನ್ನು ಎರಡು ಮಳೆಗಾಲ ಅಟ್ಟದ ಮೇಲೆ ಹಾಕಿ, ಆಮೇಲೆ ನನಗೆ ಹೇಳಿಕಳಿಸುತ್ತಿದ್ದರು" ಎಂದರು.

ಮರಕ್ಕಾಗಿ ಕಾಯುವ ಮಾತು ಇಲ್ಲಿಯೂ ಹಳೆಯದೇ. ನಾನಿರುವ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಬೆಳ್ಳಿಗಣಿಗಳ ಕುಲುಮೆಗೆ ಕಾಡೆಲ್ಲ ಬೂದಿಯಾಗುತ್ತಿದ್ದಾಗ, ಫ್ರೈಬರ್ಗ್‌ನ ಗಣಿ ಅಧಿಕಾರಿ ಕಾರ್ಲೋವಿಟ್ಸ್ 1713ರಲ್ಲಿ, ಬೆಳೆಯುವಷ್ಟನ್ನೇ ಕಡಿಯಬೇಕು ಎಂಬ ಲೆಕ್ಕವನ್ನು ಬರೆದಿಟ್ಟ. ಸುಸ್ಥಿರತೆ ಎಂಬುದಕ್ಕೆ ಜರ್ಮನ್ನರು ಬಳಸುವ ಪದದ ಮೂಲ ಅಲ್ಲಿದೆ. ಈಗ ಆ ಲೆಕ್ಕ, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದ ಮರವಿದು ಎಂದು ಸಾರುವ ಎಫ್‌ಎಸ್‌ಸಿಯಂಥ ಮುದ್ರೆಯಾಗಿ ಹಲಗೆಯ ಮೇಲೆ ಕೂತಿದೆ. ಮರವನ್ನೇ ಕಾಣದ ಊರಿನಲ್ಲಿ ಮುದ್ರೆ ಬೇಕು, ನಿಜ. ನಮ್ಮ ಹಿತ್ತಲಿನ ಹಲಸು ಯಾವ ಗಾಳಿಗೆ ಬಿತ್ತು, ಯಾರ ಕಾಲದ್ದು ಎಂದು ಅಮ್ಮನನ್ನು ಕೇಳಿದರೆ ಸಾಕು.

ಹಾಗೆಂದು ನಮ್ಮವರನ್ನು ಹೊಗಳಿ ಕೂರಲಾರೆ. ಮಲೆನಾಡಿನಲ್ಲಿ ಮನೆ ಕಟ್ಟಿಸುವವರಿಗೆ ಇಂದಿಗೂ ಬೀಟೆಯ ಮಂಚದ ಆಸೆ ಹೋಗಿಲ್ಲ. ಬೀಟೆ ಬಲಿಯಲು ತಲೆಮಾರುಗಳೇ ಬೇಕು, ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ, ಅಳಿವಿನ ಭಯವಿರುವ ಜೀವಿಗಳ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಅಂಕುಶವೂ ಇದೆ. ಅತ್ತ ಶಿವಮೊಗ್ಗ ಜಿಲ್ಲೆಯ ಗುಡ್ಡಗಳಲ್ಲಿ ಕಾಗದದ ಕಾರ್ಖಾನೆಗೆಂದು ನೆಟ್ಟ ಅಕೇಶಿಯಾ ಬೆಳೆದು ನಿಂತಿದೆ. ಹೊಸದಾಗಿ ಅಕೇಶಿಯಾ ನೆಡುವುದಕ್ಕೆ ನನ್ನ ವಿರೋಧವಿದೆ. ಆದರೆ ಬೆಳೆದದ್ದನ್ನು ಒಲೆಗೆ ಹಾಕುವ ಬದಲು ಚೆನ್ನಾಗಿ ಒಣಗಿಸಿ ಮೇಜು, ಬೆಂಚು ಮಾಡಿಸಬಾರದೇ? ಅದರ ಕಂದು ಚೇಗಿಗೆ ಎಣ್ಣೆ ಸವರಿದರೆ ಸಾಗುವಾನಿಗೆ ನಾಚುವಂಥದ್ದೇನಲ್ಲ.

ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುವುದು ಬೇರೆ ವಿಷಯಕ್ಕೆ. ಇಲ್ಲಿ ಬಡಗಿಯಾಗಲು ಮೂರು ವರ್ಷ ಕಲಿಯಬೇಕು. ಕೊನೆಗೆ ತಾನೇ ನಕ್ಷೆ ಬರೆದ ಒಂದು ಪೀಠೋಪಕರಣವನ್ನು ತಾನೇ ಮಾಡಿ ಪರೀಕ್ಷಕರ ಮುಂದಿಡಬೇಕು. ಕಲಿಯುವಾಗಲೂ ಸಂಬಳವುಂಟು. ನಮ್ಮ ಆಚಾರಿಗಳ ಮಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಿದ್ದಾನೆ. ಅಂಗಡಿಯಲ್ಲಿ ಪುಡಿ ಮರದ ಬೀರುವಿಗೆ ಕೇಳಿದಷ್ಟು ಕೊಟ್ಟು ಬರುವ ನಾವು, ಅವನ ಅಪ್ಪನ ದಿನಗೂಲಿಗೆ ಜಗುಲಿಯಲ್ಲಿ ಕೂತು ಚೌಕಾಸಿ ಮಾಡಿದ್ದನ್ನು ಆ ಹುಡುಗ ನೋಡುತ್ತಲೇ ಬೆಳೆದವನು. ಚೌಕಾಸಿ ಮಾಡಿದವರಲ್ಲಿ ನಾನೂ ಒಬ್ಬ.

ಕಳೆದ ಮಳೆಗಾಲದಲ್ಲಿ ಹಿತ್ತಲಿನ ಹಲಸು ಬಿತ್ತು. ಊಟದ ಮೇಜಿಗೆಂದು ಕೊಯ್ಸಿದ ಹಲಗೆಗಳ ನಡುವೆ ರೀಪು ಕೊಟ್ಟು ಅಟ್ಟದಲ್ಲಿ ಪೇರಿಸಿದ್ದಾಗಿದೆ. ಈ ಸಲ ಕೂಲಿಯನ್ನು ಆಚಾರಿಗಳೇ ಹೇಳಿದರು, ನಾನು ಹೂಂ ಎಂದೆ. ಎರಡು ಮಳೆಗಾಲ ಕಾಯಬೇಕು ಎಂದದ್ದಕ್ಕೆ ಅಮ್ಮ, "ಅಲ್ಲಿಯವರೆಗೆ ಆಚಾರಿಗಳ ಮಂಡಿ ಗಟ್ಟಿ ಇರುತ್ತದೆಯೇನೋ, ಕೇಳಿದೆಯಾ?" ಎಂದರು.