ಹತ್ತೇ ನಿಮಿಷ ರೀ ಸಾರ್!

ದಾವಣಗೆರೆಯಲ್ಲಿ ಯಾವುದೂ ಯಾವುದರಿಂದಲೂ ಹತ್ತು ನಿಮಿಷಕ್ಕಿಂತ ದೂರವಿಲ್ಲ. ನಂಬಿಕೆ ಬರದಿದ್ದರೆ ಸೈಟ್ ತೋರಿಸುವವರನ್ನು ಕೇಳಿ. ರೈಲ್ವೆ ಸ್ಟೇಷನ್ ಹತ್ತು ನಿಮಿಷ, ಹೈವೇ ಹತ್ತು ನಿಮಿಷ, ಆಸ್ಪತ್ರೆ ಹತ್ತು ನಿಮಿಷ, ಇಂಟರ್‌ನ್ಯಾಷನಲ್ ಸ್ಕೂಲ್ ಹತ್ತು ನಿಮಿಷ, ಬೆಣ್ಣೆದೋಸೆ ಮಾತ್ರ ಏಳು. ಚಿತ್ರದುರ್ಗದ ದಿಕ್ಕಿಗೆ ಆನಗೋಡಿನ ಹೊಲದಲ್ಲಿ ನಿಂತು ಕೇಳಿದರೂ ಅದೇ ಹತ್ತು, ಹರಿಹರದ ದಿಕ್ಕಿಗೆ ಬಾತಿ ಗುಡ್ಡದ ಬುಡದಲ್ಲಿ ನಿಂತು ಕೇಳಿದರೂ ಅದೇ ಹತ್ತು. “ಏನ್ ಮಹಾ ದೂರ ಐತ್ರೀ ಸಾರ್, ಗಾಡಿ ಗೇರಿಗೆ ಹಾಕೋದ್ರಾಗ ಬಂದ್ಬಿಡ್ತತಿ.”

ಈ ಹತ್ತು ನಿಮಿಷವನ್ನು ಅಳೆಯುವುದಕ್ಕೂ ಒಂದು ಶಾಸ್ತ್ರವಿದೆ. ದಿನ ಭಾನುವಾರವಾಗಿರಬೇಕು, ಹೊತ್ತು ಬೆಳಗಿನ ಆರೂವರೆ. ಕಾರು ಅವರದು, ಓಡಿಸುವವರೂ ಅವರೇ. ಹಿಂದಿನ ಸೀಟಿನಲ್ಲಿ ಟಿಫಿನ್ ಡಬ್ಬಿ ಮರೆತುಬಂದ ಮಗು ಇರಕೂಡದು. ಪಿ.ಬಿ. ರಸ್ತೆಯಲ್ಲಿ ಮೆರವಣಿಗೆ ಇರಕೂಡದು. ಎಪಿಎಂಸಿಗೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲ ಆಗಿರಕೂಡದು. ಇಷ್ಟೆಲ್ಲ ಕೂಡಿಬಂದರೆ ಹದಿಮೂರು ನಿಮಿಷಕ್ಕೆ ಮುಟ್ಟಬಹುದು. ಅದೇ ದಾರಿಯಲ್ಲಿ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಸ್ಕೂಟರಿನಲ್ಲಿ, ಹಿಂದೊಂದು ಮಗು ಮುಂದೊಂದು ಬ್ಯಾಗು ಇಟ್ಟುಕೊಂಡು ಹೋಗಿ ನೋಡುವವರೆಗೆ ಅಡ್ವಾನ್ಸ್ ಕೊಡಬಾರದು. ಗುಂಡಿ ಸರ್ಕಲ್ ಅನ್ನುವ ಹೆಸರು ಕೇಳಿ ಹೊಸಬರು ಹೆದರುವುದು ಬೇಡ. ಅದು ಮನೆತನದ ಹೆಸರು. ಊರಿನ ಉಳಿದ ಗುಂಡಿಗಳಿಗೆ ಇನ್ನೂ ನಾಮಕರಣ ಆಗಿಲ್ಲ.

ಹಾಗೆ ನೋಡಿದರೆ ಇದು ಸಣ್ಣ ಊರು. 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ಮೂವತ್ತೈದು ಸಾವಿರದಷ್ಟು ಜನ. ಆದರೆ 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಮೇಲೆ ಮಕ್ಕಳು ನಡೆದುಕೊಂಡು ಶಾಲೆಗೆ ಹೋಗುವುದು ಶೋಭಿಸುವುದಿಲ್ಲ. ಬೆಂಗಳೂರಿನ ಮಕ್ಕಳು ಮುಕ್ಕಾಲು ಗಂಟೆ ಬಸ್ಸಿನಲ್ಲಿ ತೂಕಡಿಸಬೇಕು, ನಮ್ಮ ಮಕ್ಕಳು ಮಾತ್ರ ಎಚ್ಚರವಾಗಿರಬೇಕೇ?

ಈ ಊರಿಗೆ ಬಂದು ಸೇರುವವರಲ್ಲಿ ಎರಡು ಬಗೆ. ವರ್ಗಾವಣೆ ಆದೇಶ ಹಿಡಿದು ಬರುವ ಬ್ಯಾಂಕಿನವರು, ಸರ್ಕಾರಿ ನೌಕರರು ಒಂದು ಬಗೆ. ಮಕ್ಕಳ ಓದಿಗೆಂದೇ ಹಳ್ಳಿ ಬಿಟ್ಟು ಬರುವವರು ಇನ್ನೊಂದು: ಚನ್ನಗಿರಿ ಕಡೆಯ ಅಡಿಕೆಯವರು, ಜಗಳೂರು ಕಡೆಯ ಮೆಕ್ಕೆಜೋಳದವರು. ಅಪ್ಪ ಹೊಲದಲ್ಲಿ, ಅಮ್ಮ ಮಕ್ಕಳು ವಿದ್ಯಾನಗರದ ಬಾಡಿಗೆ ಮನೆಯಲ್ಲಿ. ಹನ್ನೊಂದು ತಿಂಗಳ ಕರಾರು, ವಾರಕ್ಕೊಮ್ಮೆ ಊರಿಂದ ತರಕಾರಿ ಚೀಲ. ಹಳ್ಳಿಯಲ್ಲಿ ಒಳ್ಳೇ ಶಾಲೆ ಇಲ್ಲವೆಂದು ಇವರು ಸಿಟಿಗೆ ಬರುವ ಹೊತ್ತಿಗೆ, ಸಿಟಿಯ ಶಾಲೆಗಳು ಹಳ್ಳಿಗೆ ಹೋಗಿಯಾಗಿತ್ತು.

ಶಾಲೆಗಳದೂ ತಪ್ಪಲ್ಲ ಅನ್ನಿ. ಒಂದು ಎಕರೆಗೆ 43,560 ಚದರಡಿ. ರಸ್ತೆ ಬಿಡದೆ ಕೊರೆದರೆ 30×40ರ ಮೂವತ್ತಾರು ಸೈಟು. ಊರೊಳಗೆ ಆ ಬೆಲೆ ಕೊಟ್ಟು ಮಕ್ಕಳನ್ನು ಖೋಖೋ ಆಡಿಸುವಷ್ಟು ಹುಚ್ಚು ಯಾರಿಗಿದೆ? ಹಾಗಾಗಿ ಆಟದ ಮೈದಾನ ಬೇಕೆಂದ ಶಾಲೆ ಹೈವೇ ದಾಟಿತು. ಜಗಳೂರು ರಸ್ತೆಯ ಹಳ್ಳಿಯಿಂದ ಬಂದ ಕುಟುಂಬವೊಂದು ಅದೇ ರಸ್ತೆಯ ಶಾಲೆಗೆ ಮಗುವನ್ನು ಸೇರಿಸಿತು ಅಂದುಕೊಳ್ಳಿ. ಹಳದಿ ಬಸ್ಸು ಬೆಳಿಗ್ಗೆ ಏಳೂ ನಲವತ್ತಕ್ಕೆ ವಿದ್ಯಾನಗರದಲ್ಲಿ ಮಗುವನ್ನು ಹತ್ತಿಸಿಕೊಂಡು, ಊರೆಲ್ಲ ಪ್ರದಕ್ಷಿಣೆ ಹಾಕಿ, ಹೈವೇ ದಾಟಿ, ಮೆಕ್ಕೆಜೋಳದ ಹೊಲದ ನಡುವೆ ಇಳಿಸುತ್ತದೆ. ಶಾಲೆಯ ಹಿಂದಿನ ಬೇಲಿ ಹತ್ತಿರ ನಿಂತು ಕೂಗಿದರೆ ಅಜ್ಜ ಓಗೊಡಬಹುದು.

ಎಂಟೂ ಇಪ್ಪತ್ತರ ಸುಮಾರಿಗೆ ಯಾವುದಾದರೂ ದೊಡ್ಡ ಸರ್ಕಲ್ಲಿನಲ್ಲಿ ನಿಂತರೆ ಪೂರ್ತಿ ನಾಟಕ ಕಾಣುತ್ತದೆ. ನಿಟುವಳ್ಳಿಯ ಮಕ್ಕಳನ್ನು ತುಂಬಿಕೊಂಡ ಬಸ್ಸು ಬಾತಿ ಕಡೆಗೆ, ಬಾತಿ ಕಡೆಯ ಮಕ್ಕಳನ್ನು ತುಂಬಿಕೊಂಡ ಬಸ್ಸು ನಿಟುವಳ್ಳಿ ಕಡೆಗೆ. ಎರಡೂ ಒಂದರ ಮೂತಿಗೆ ಒಂದು ನಿಂತು ಹಾರನ್ ಒತ್ತುತ್ತವೆ. ಎರಡರ ಮೈಮೇಲೂ ‘ವಿಶ್ವದರ್ಜೆಯ ಶಿಕ್ಷಣ’ ಅಂತ ಬರೆದಿದೆ. ಅಲ್ಲೇ ಮಕ್ಕಳನ್ನು ಅದಲುಬದಲು ಮಾಡಿಕೊಂಡರೆ ಎರಡು ಟ್ಯಾಂಕ್ ಡೀಸೆಲ್ ಉಳಿಯುತ್ತಿತ್ತು.

ಪೋಷಕರು ಕಿಲೋಮೀಟರ್ ಕೇಳುತ್ತಾರೆ. ಕೇಳಬೇಕಾದ್ದು ಸ್ಟಾಪಿನ ಸಂಖ್ಯೆ. ಏಳು ಕಿಲೋಮೀಟರ್ ದಾರಿ, ಊರೊಳಗೆ ಗಂಟೆಗೆ ಇಪ್ಪತ್ತರ ವೇಗ: 21 ನಿಮಿಷ. ಹದಿನಾಲ್ಕು ಸ್ಟಾಪು, ಒಂದೊಂದಕ್ಕೆ ಒಂದೂವರೆ ನಿಮಿಷ: ಅದೂ 21. ಅಂದರೆ ಮಗು ಬಸ್ಸಿನಲ್ಲಿ ಕಳೆಯುವ ಅರ್ಧ ಹೊತ್ತು ಬೇರೆ ಮಕ್ಕಳ ಸಾಕ್ಸಿಗೆ ಹೋಗುತ್ತದೆ. ಒಂದೂವರೆ ನಿಮಿಷ ಹೇಗೆ ಅಂದಿರಾ? ಬಸ್ಸು ನಿಲ್ಲುತ್ತದೆ. ಆಯಾ ಬಾಗಿಲು ತೆಗೆದು “ಬರ್ರೀ ಅಕ್ಕಾರ, ಲೇಟಾತು” ಅನ್ನುತ್ತಾಳೆ. ಗೇಟಿನ ಹತ್ತಿರ ತಾಯಿ ಒಂದು ಕಾಲಿಗೆ ಬೂಟು ಹಾಕಿಯಾಗಿದೆ, ಇನ್ನೊಂದು ಕೈಯಲ್ಲಿದೆ. ಮಗುವಿನ ಬಾಯಲ್ಲಿ ಅರ್ಧ ಇಡ್ಲಿ. ಅಪ್ಪ ನೀರಿನ ಬಾಟಲಿ ತರಲು ಒಳಗೆ ಓಡಿದ್ದಾರೆ. ತಂದದ್ದು ಅಕ್ಕನ ಬಾಟಲಿ. ಮತ್ತೆ ಓಡುತ್ತಾರೆ.

ಬಸ್ಸಿನ ಲೆಕ್ಕದಲ್ಲಿ ಇನ್ನೆರಡು ಗುಟ್ಟುಗಳಿವೆ, ಆಫೀಸಿನಲ್ಲಿ ಕೇಳಿದರೆ ಹೇಳುವುದಿಲ್ಲ, ಡ್ರೈವರ್ ಹೇಳುತ್ತಾನೆ. ಮೊದಲನೆಯದು, ಸಂಜೆ ಬಸ್ಸು ಬೆಳಗಿನ ಸಾಲಿನಲ್ಲೇ ಇಳಿಸುತ್ತದೋ ತಿರುಗುಮುರುಗಾಗಿಯೋ? ಅದೇ ಸಾಲಾದರೆ ಮೊದಲು ಹತ್ತಿದ ಮಗು ಮೊದಲು ಇಳಿಯುತ್ತದೆ, ನ್ಯಾಯ. ತಿರುಗುಮುರುಗಾದರೆ ಮೊದಲು ಹತ್ತಿದ್ದೇ ಕೊನೆಗೆ ಇಳಿಯುತ್ತದೆ. ಎರಡೂ ಹೊತ್ತು ಶಿಕ್ಷೆ ಒಂದೇ ಮಗುವಿಗೆ. ಎರಡನೆಯದು, ಬಸ್ಸು ಒಂದೇ ಟ್ರಿಪ್ಪೋ ಎರಡೋ? ಎರಡಾದರೆ ಮೊದಲ ಟ್ರಿಪ್ಪಿನ ಮಗು ಎಂಟಕ್ಕೇ ಶಾಲೆ ಸೇರಿ, ಬೆಲ್ ಹೊಡೆಯುವತನಕ ಧ್ವಜಸ್ತಂಭ ಕಾಯುತ್ತಿರುತ್ತದೆ.

ರೈಲ್ವೆ ಹಳಿಯ ವಿಷಯ ಹೇಳದೆ ದಾವಣಗೆರೆಯ ಮಾತು ಮುಗಿಯುವುದಿಲ್ಲ. ಹಳಿ ಊರನ್ನು ಸೀಳಿಕೊಂಡು ಹೋಗಿದೆ. ಅಶೋಕ ಟಾಕೀಸ್ ಹತ್ತಿರದ ಗೇಟು ದಶಕಗಟ್ಟಲೆ ಊರಿನವರಿಗೆ ತಾಳ್ಮೆಯ ಪಾಠ ಹೇಳಿದೆ. ಗೇಟಿಗೆ ಪರಿಹಾರ ಕೆಳಸೇತುವೆ. ಕೆಳಸೇತುವೆಗೆ ಪರಿಹಾರ ಇನ್ನೂ ಸಿಕ್ಕಿಲ್ಲ. ತಗ್ಗಿನಲ್ಲಿ ರಸ್ತೆ ಮಾಡಿದರೆ ಮಳೆನೀರು ಅಲ್ಲಿಗೇ ಹರಿದುಬರುತ್ತದೆ ಅನ್ನುವುದು ಏನೂ ಓದದ ಎಮ್ಮೆಗೂ ಗೊತ್ತು. ಇನ್ನು ಎತ್ತರದ ಮಾತು. ಕಾರು ನುಸುಳುವ ಕೆಳಸೇತುವೆಯಲ್ಲೆಲ್ಲ ಶಾಲೆ ಬಸ್ಸು ನುಸುಳುವುದಿಲ್ಲ. ಕಾರಿನಲ್ಲಿ ಕೂತು ಎರಡು ಕಿಲೋಮೀಟರ್ ಅಂತ ಅಳೆದ ಶಾಲೆ ಬಸ್ಸಿಗೆ ಐದಾಗಬಹುದು. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಇಲ್ಲಿ ನಿಲ್ಲುತ್ತದೆ. ಬೆಂಗಳೂರಿಂದ ಬಂದು ಇಳಿದವರಿಗೆ ಪ್ರಯಾಣ ಮುಗಿದಂತೆ ಅನಿಸುತ್ತದೆ. ಹಳಿಯ ಆ ಬದಿಗೆ ಮನೆ ಇದ್ದವರಿಗೆ ಆಗ ಶುರು.

ಲೇಔಟಿನ ಬ್ರೋಶರಿನಲ್ಲಿ ‘ಕುಟುಂಬಸ್ನೇಹಿ’ ಅಂತ ಬರೆದಿರುತ್ತದಲ್ಲ, ಅದಕ್ಕೆ ಅರ್ಥ ಕಮಾನು. ಮೊದಲು ಕಮಾನು ಏಳುತ್ತದೆ, ಆಮೇಲೆ ಅದರ ಹಿಂದೆ ಏನು ಮಾಡುವುದೆಂದು ಯೋಚನೆ. ನಕ್ಷೆಯಲ್ಲಿ ಹಸಿರು ಬಳಿದಿದ್ದೆಲ್ಲ ಪಾರ್ಕು, ಸ್ಥಳದಲ್ಲಿ ಹಸಿರಾಗಿರುವುದೆಲ್ಲ ಪಾರ್ಥೇನಿಯಂ. ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ, ಅನುಮೋದನೆಯ ನಕ್ಷೆ ಕೇಳಿದರೆ “ಅಪ್ಲೈ ಮಾಡೇವ್ರೀ” ಅನ್ನುವ ಉತ್ತರ ಸಿಗುತ್ತದೆ. ಅಪ್ಲೈ ಮಾಡುವುದು ಬೇರೆ, ಆಗುವುದು ಬೇರೆ. ರಿಂಗ್ ರಸ್ತೆಯಾಚೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಕ್ರಮಬದ್ಧ ಆಸ್ತಿಗೆ ಪಂಚಾಯಿತಿ ಕೊಡುವ ಫಾರಂ 9, 11ಎ ಇದೆಯೋ, ಬರೀ 11ಬಿ ತೋರಿಸಿ ಸಾಗಹಾಕುತ್ತಿದ್ದಾರೋ ನೋಡಬೇಕು. ಭೂ ಪರಿವರ್ತನೆ ಆದೇಶದ ಸರ್ವೆ ನಂಬರು, ನಿಮಗೆ ತೋರಿಸಿದ ಜಾಗದ ಸರ್ವೆ ನಂಬರು ಒಂದೇ ಆಗಿದ್ದರೆ ಅದೇ ದೊಡ್ಡ ಯೋಗ. ಶಾಮನೂರು, ಕುಂದುವಾಡದ ಕಡೆ ಭದ್ರಾ ನಾಲೆ ನೀರುಂಡ ಗದ್ದೆಯ ಮೇಲೆ ಕೊರೆದ ಸೈಟಾದರೆ ಅಡಿಪಾಯದ ಖರ್ಚನ್ನು ಬೇರೆಯೇ ಹಿಡಿಯಿರಿ; ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆಯೂ ಅದರ ಜೊತೆ. ಗದ್ದೆ ಹೋದರೂ ಸೊಳ್ಳೆ ತನ್ನ ಪಹಣಿ ಬಿಟ್ಟುಕೊಟ್ಟಿರುವುದಿಲ್ಲ.

ಊರಿನ ಒಂದು ಮಗ್ಗುಲಿಗೆ ತುಂಗಭದ್ರೆ, ಇನ್ನೊಂದು ಮಗ್ಗುಲಿಗೆ ಭದ್ರಾ ನಾಲೆ, ನಡುವೆ ಟ್ಯಾಂಕರು. ಮನೆ ನೋಡಲು ಹೋದಾಗ ಮಾಡ್ಯುಲರ್ ಕಿಚನ್ ನೋಡುತ್ತೀರಿ, ಸಂಪಿನ ಮುಚ್ಚಳ ಎತ್ತುವುದಿಲ್ಲ. ತಲೆಗೆ 135 ಲೀಟರ್ ಹಿಡಿದರೆ ನಾಲ್ವರ ಸಂಸಾರಕ್ಕೆ ದಿನಕ್ಕೆ 540. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಾದರೆ 4,320 ಲೀಟರ್ ಹಿಡಿದಿಡಬೇಕು. ಆರಡಿ ಉದ್ದ, ಐದಡಿ ಅಗಲ, ಐದಡಿ ಆಳದ ಸಂಪು 150 ಘನ ಅಡಿ, ಅಂದರೆ ಸುಮಾರು 4,250 ಲೀಟರ್. ಅದೂ ಕಂಠಮಟ್ಟ ತುಂಬಿದರೆ. ಎಂಟನೇ ದಿನ ಸ್ನಾನಕ್ಕೆ ಒಬ್ಬರು ಕಡಿಮೆ. ಯಾವತ್ತು, ಎಷ್ಟು ಗಂಟೆಗೆ ನೀರು ಬರುತ್ತದೆ ಅಂತ ಮನೆ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ರಾತ್ರಿ ಎರಡಕ್ಕೆ ಬರುವ ನೀರನ್ನು ಮಾಲೀಕರು “ರೆಗ್ಯುಲರ್ ಐತ್ರೀ” ಅನ್ನುತ್ತಾರೆ.

ಶಾಲೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದ್ದರೆ ಹರಿಹರದಿಂದಲೂ ಮಕ್ಕಳು ಬರುತ್ತಾರೆಂದು ಅರ್ಥ. ‘ಸಿಬಿಎಸ್‌ಇ ಮಾದರಿ’ ಅಂತಿದ್ದರೆ ಪುಸ್ತಕ ಸಿಬಿಎಸ್‌ಇದು, ಮಾನ್ಯತೆ ಇನ್ನೂ ಮಾದರಿ. ಮಂಡಳಿಯ ಜಾಲತಾಣದಲ್ಲಿ ಮಾನ್ಯತಾ ಸಂಖ್ಯೆ ಹುಡುಕಿ ನೋಡುವುದು ಐದು ನಿಮಿಷದ ಕೆಲಸ. ಕರ್ನಾಟಕದ ಖಾಸಗಿ ಶಾಲೆಗಳ ಸಂಖ್ಯೆ 83ರಿಂದ ಶುರುವಾಗುತ್ತದೆ. ಮಾನ್ಯತೆ ಯಾವ ತರಗತಿವರೆಗೆ ಅನ್ನುವುದೂ ಅಲ್ಲೇ ಇರುತ್ತದೆ. ಆದರೆ ಹೆಚ್ಚಿನವರು ಎಲ್‌ಕೆಜಿ ಫೀಸಿನ ಮೊದಲ ಕಂತು ಕಟ್ಟಿ, ಯೂನಿಫಾರಂ, ಬೂಟು, ಟೈ, ಬೆಲ್ಟು ತಗೊಂಡು, ಬಸ್ಸಿನ ದುಡ್ಡು ಕಟ್ಟಿದ ಮೇಲೆ ಅದನ್ನು ನೋಡುತ್ತಾರೆ.

ನಿಜವಾಗಿ ಹತ್ತು ನಿಮಿಷದ ದೂರದಲ್ಲಿ, ಅದೂ ನಡಿಗೆಯಲ್ಲಿ, ಒಂದು ಶಾಲೆ ಇದ್ದೇ ಇರಬೇಕು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅದರ ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬ್ರೋಶರಿನ ನಕ್ಷೆಯಲ್ಲಿ ಮಾಲ್, ಮಲ್ಟಿಪ್ಲೆಕ್ಸ್, ವಿಮಾನವೇ ಇಳಿಯದ ಊರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಾಣದ ಗುರುತು, ಎಲ್ಲ ಇರುತ್ತವೆ. ಆ ಸರ್ಕಾರಿ ಶಾಲೆ ಮಾತ್ರ ಇರುವುದಿಲ್ಲ. ಲೇಔಟಿಗೆ ದಾರಿ ಹೇಳುವಾಗ ಬಾಯಿಮಾತಿಗೆ ಬರುತ್ತದೆ: “ಗೌರ್ಮೆಂಟ್ ಸ್ಕೂಲ್ ದಾಟಿ ಎಡಕ್ಕ ತಿರುಗ್ರೀ.”

ಆಫೀಸಿನದೂ ಹಾಗೇ. ಜಿಲ್ಲಾಧಿಕಾರಿ ಕಚೇರಿ ಊರ ಒಂದು ತುದಿಗೆ ಕರೂರಿನ ಹತ್ತಿರ, ವಿಶ್ವವಿದ್ಯಾಲಯ ಇನ್ನೊಂದು ದಿಕ್ಕಿಗೆ ತೋಳಹುಣಸೆಯಲ್ಲಿ. ಗಂಡ ಅಲ್ಲಿ, ಹೆಂಡತಿ ಇಲ್ಲಿ ಆದರೆ ನಡುವೆ ಮನೆ ಮಾಡುತ್ತಾರೆ. ಆಗ ಮಗುವೂ ಸೇರಿ ಮೂವರಿಗೂ ದೂರ.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಒಂದೊಂದಾಗಿ ಕೇಳಿ ನೋಡಿ: ಎಷ್ಟನೇ ಸ್ಟಾಪು, ಸಂಜೆ ಯಾವ ಸಾಲು, ಕೆಳಸೇತುವೆ ಎತ್ತರ, ಸಂಪಿನ ಅಳತೆ, ಫಾರಂ ಯಾವುದು. ಬ್ರೋಕರ್ ಬೈಕಿನ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, ಪಾಪ, ಪೂರ್ತಿ ಕೇಳಿಸಿಕೊಳ್ಳುತ್ತಾರೆ.

“ಇಷ್ಟೆಲ್ಲ ಇರೋ ಮನಿ ದಾವಣಗೆರಿಯಾಗ ಸಿಗಂಗಿಲ್ರೀ ಸಾರ್. ಹರಿಹರದಾಗ ಒಂದೈತಿ, ನೋಡ್ತೀರೇನು? ಹತ್ತೇ ನಿಮಿಷ.”